ತವರಿನ ಬಾಗಿಲು

ತೊಪ್ಪೂರು
21-5-1995, ಭಾನುವಾರ

ತಮ್ಮ ಪಾಪಣ್ಣನಿಗೆ,

ನಿನ್ನ ಅಕ್ಕ ಅಂಜಮ್ಮ ಬರೆಸುವ ಕಾಗದ. ಮೊದಲು ‘ಆಶೀರ್ವಾದಗಳು’ ಎಂದು ಬರೆಯಲು ನನ್ನ ಮೊಮ್ಮಗನ ಹೆಂಡತಿ ಸುಗುಣಾ ಪೆನ್ನು ಊರಿದಳು. ಬೇಡ ಎಂದು ತಡೆದೆ. ನಾನು ಕ್ಷೇಮ. ಕಣ್ಣು ಮಂಜು, ಬಾಯಲ್ಲಿ ಹಲ್ಲಿಲ್ಲ, ಉಳಿದದ್ದೆಲ್ಲ ನೆಟ್ಟಗಿದೆ. ನೆನಪಂತೂ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ.

ಸುಗುಣಾ ಕೊಳ್ಳೇಗಾಲದ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿದವಳು. ನಾನು ನಮ್ಮ ಮಾತಿನಲ್ಲಿ ಹೇಳಿದ್ದನ್ನು ಅವಳು ಪುಸ್ತಕದ ಮಾತಿನಲ್ಲಿ ಬರೆಯುತ್ತಾಳೆ. ನಿನ್ನ ಮೊಮ್ಮಗ ಮಣಿಕಂಠನಿಗೆ ತಮಿಳು ಬಿಟ್ಟರೆ ಬೇರೆ ಅಕ್ಷರ ಬಾರದು. ಆದ್ದರಿಂದ ನಿಮ್ಮೂರಿನ ಮುನುಸ್ವಾಮಿ ಮೇಷ್ಟ್ರನ್ನು ಕರೆಸು. ಕೋಣೆಯಲ್ಲಿ ಗುಟ್ಟಾಗಿ ಓದಿಸಿಕೊಳ್ಳಬೇಡ. ಮಕ್ಕಳು, ಸೊಸೆಯರು, ನಮ್ಮ ಕುಲದ ದೊಡ್ಡವರು ಎಲ್ಲರೂ ಅಂಗಳದಲ್ಲಿ ಸೇರಿದ ಮೇಲೆ ಓದಿಸು. ನಿನಗೆ ಕಿವಿ ಮಂದವಾಗಿದೆಯಂತೆ. ಮೇಷ್ಟ್ರು ಗಟ್ಟಿಯಾಗಿಯೇ ಓದಲಿ.

ನಿನ್ನೆ ಮಣಿಕಂಠ ಬಂದಿದ್ದ. ಸೇಲಂನಲ್ಲಿ ಕೊಂಡ ಸೀರೆಯನ್ನು ಮುಂದಿಟ್ಟು ಕಾಲಿಗೆ ಬಿದ್ದ. ತಮಿಳಿನವರ ಹಾಗೆ ಅಜ್ಜಿಗೆ ಪಾಟಿ ಎನ್ನುತ್ತಾನೆ. ‘ಪಾಟಿ, ತಾತನ್ಗೆ ಉಸ್ರು ಕಟ್ತೈತೆ. ಒಂದ್ಸಲ ಬಂದು ಬಾಗ್ಲು ದಾಟಿ, ಒಂದ್ ಲೋಟ ನೀರು ಕುಡ್ದೋಗು ಅಂತಾರೆ. ಬರಾಕಾಗ್ದಿದ್ರೆ ಈ ಸೀರೆನಾದ್ರೂ ಇಸ್ಕೋ’ ಎಂದ. ಹುಡುಗ ಒಳ್ಳೆಯವನು. ಮೂಗು ನಿನ್ನದೇ, ಅದಕ್ಕೆ ಅವನೇನು ಮಾಡಿಯಾನು? ಮುದ್ದೆ ಹಾಕಿಸಿ, ಸೊಪ್ಪಿನ ಸಾರು ಬಡಿಸಿ ಕಳಿಸಿದೆ. ಸೀರೆ ಮುಟ್ಟಲಿಲ್ಲ, ಅವನು ಇಟ್ಟಲ್ಲೇ ಬಿಟ್ಟುಹೋದ. ಈ ಕಾಗದದ ಜೊತೆ ಅದೂ ವಾಪಸು ಬರುತ್ತಿದೆ. ನನ್ನ ಮೊಮ್ಮಗ ಗೋವಿಂದರಾಜ್ ಮೆಟ್ಟೂರು ಬಸ್ಸಿನ ಕಂಡಕ್ಟರ್, ಮೇಚೇರಿಯಲ್ಲಿ ನಿಮ್ಮವರ ಕೈಗೆ ಕೊಡುತ್ತಾನೆ.

ನೀನು ಯಾಕೆ ಒದ್ದಾಡುತ್ತಿದ್ದೀಯ ಎಂದು ನನಗೆ ಗೊತ್ತಿಲ್ಲವೆ? ಹೆಣ್ಣು ಸತ್ತರೆ ಮೊದಲು ತವರಿನ ಸೀರೆ ಮೈಮೇಲೆ ಬೀಳಬೇಕು, ಆಮೇಲೆಯೇ ಹೆಣ ಎತ್ತಬೇಕು. ನಮ್ಮವರ ಕಟ್ಟಳೆ ಅದು. ತವರಿನ ಸೀರೆ ನನಗೆ ಬೇಡ ಎಂದು ಬಾಯಿಬಿಟ್ಟು ಹೇಳಿ ಸತ್ತರೆ ತವರಿನ ಮುಖಕ್ಕೆ ಮಸಿ ಬಳಿದ ಹಾಗೆ. ನಿನ್ನ ಮನೆಗೆ ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡಬೇಕು. ಅದನ್ನೇ ಹೇಳುತ್ತಿದ್ದೇನೆ, ಎಲ್ಲರೂ ಕೇಳಿಸಿಕೊಳ್ಳಿ. ಬೇಡ.

ಇದು ಮೂರನೆಯ ಸೀರೆ. ಮೊದಲನೆಯದು ಬಂದಾಗ ನನಗೆ ಎಂಬತ್ತು ದಾಟಿತ್ತು. ವಾಂತಿಭೇದಿಯಾಗಿ ಮೂರು ದಿನ ನೀರು ಇಳಿದಿರಲಿಲ್ಲ. ನಿನ್ನ ಹೆಂಡತಿ ಮುತ್ತಮ್ಮ ಸೀರೆ ಮಡಿಲಲ್ಲಿ ಇಟ್ಟುಕೊಂಡು ಬಂದು, ಇನ್ನೇನು ನನ್ನ ಉಸಿರು ನಿಂತೀತು ಎಂದು ಗೋಡೆಗೆ ಒರಗಿ ಕಾಯುತ್ತಾ ಕೂತಿದ್ದಳು. ಅವಳ ಮುಖ ನೋಡಿ ನನಗೆ ಹಸಿವಾಯಿತು. ಎದ್ದು ಗಂಜಿ ಕೇಳಿದೆ. ಮುಂದಿನ ವರ್ಷ ಅವಳೇ ಹೋದಳು. ಅವಳು ನನಗೆ ತಂದ ಸೀರೆಯನ್ನು ನಾನೇ ತಂದು, ನಿನ್ನ ಅಂಗಳದಲ್ಲಿ ನಿಂತು ಅವಳಿಗೆ ಹೊದಿಸಿದೆ. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ನಿನ್ನ ಮುಖ ನೋಡಬೇಕಿತ್ತು, ನೋಡಿದೆ.

ಎರಡನೆಯದನ್ನು ನೀನು ಯಾರದೋ ಕೈಲಿ ಕಳಿಸಿದ್ದೆ. ಅದನ್ನು ಕಡಲೆಕಾಯಿ ಹೊಲದ ಬೆದರುಬೊಂಬೆಗೆ ಉಡಿಸಿ ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿದೆ. ಮೇಚೇರಿಯಿಂದ ಬರುವ ಬಸ್ಸಿನಲ್ಲಿ ಕೂತವರಿಗೆಲ್ಲ ಕಾಣುತ್ತಿತ್ತು. ನಿನ್ನ ಕಡೆಯವರು ನೋಡಿ ಊರಲ್ಲಿ ಹೇಳಿದರಂತೆ. ಹೇಳಲಿ ಎಂದೇ ನಿಲ್ಲಿಸಿದ್ದೆ.

ಹೋದ ತಿಂಗಳು ಸೇಲಂನಿಂದ ಪತ್ರಿಕೆಯವನೊಬ್ಬ ಬಂದಿದ್ದ. ನೂರಾ ಮೂರು ವರ್ಷ ಹೇಗೆ ಬದುಕಿದಿರಿ, ಏನು ತಿನ್ನುತ್ತೀರಿ ಎಂದು ಕೇಳಿದ. ರಾಗಿ ಮುದ್ದೆ ಎಂದೆ. ಫೋಟೋ ಹಿಡಿದುಕೊಂಡು ಹೋದ. ಅವನಿಗೆ ನಿಜ ಹೇಳಲಿಲ್ಲ, ನಿನಗೆ ಹೇಳುತ್ತೇನೆ. ನಿನ್ನ ಸಾವಿನ ಸುದ್ದಿ ಕೇಳಿಯೇ ಕಣ್ಣು ಮುಚ್ಚಬೇಕು ಎಂಬ ಹಠದಲ್ಲಿ ಬದುಕಿದ್ದೇನೆ. ಗಂಡ ಹೋದ, ಮಗ ಚಿನ್ನಪ್ಪ ಹೋದ, ನನ್ನ ಓರಗೆಯವರಲ್ಲಿ ಒಬ್ಬರೂ ಉಳಿದಿಲ್ಲ. ಬೆಳಗ್ಗೆ ಎದ್ದರೆ ಮೈಕೈಯೆಲ್ಲ ನೋವು. ಆದರೂ ಪಾಪಣ್ಣ ಇನ್ನೂ ಇದ್ದಾನಲ್ಲ ಎಂದು ನೆನೆದರೆ ಕಾಲಿಗೆ ಬಲ ಬರುತ್ತದೆ.

ಅಮ್ಮ ನಿನ್ನನ್ನು ಹೆತ್ತು ಸತ್ತಾಗ ನನಗೆ ಹನ್ನೆರಡು ವರ್ಷ. ಮೇಕೆ ಹಾಲಿನಲ್ಲಿ ಬತ್ತಿ ಅದ್ದಿ ನಿನ್ನ ಬಾಯಿಗೆ ಇಟ್ಟವಳು ನಾನು. ನಿನ್ನನ್ನು ಸೊಂಟದಲ್ಲಿ ಹೊತ್ತು ಹೊತ್ತು ನನ್ನ ಎಡಸೊಂಟ ಇವತ್ತಿಗೂ ವಾಲಿಕೊಂಡೇ ಇದೆ. ಗಂಡ ಸತ್ತ ಮೇಲೆ ಮಗನನ್ನು ತೊಪ್ಪೂರಿನಲ್ಲಿ ಅವನ ದೊಡ್ಡಪ್ಪನ ಹತ್ತಿರ ಬಿಟ್ಟು, ಮಗಳು ಕಣ್ಣಮ್ಮನನ್ನು ಕರೆದುಕೊಂಡು ನಿನ್ನ ಹತ್ತಿರ ಬಂದೆ. ನೀನೇ ದಿಕ್ಕು ಎಂದು ಬಂದೆ.

ಮೆಟ್ಟೂರಿನಲ್ಲಿ ಕಾವೇರಿಗೆ ಅಣೆಕಟ್ಟು ಎದ್ದ ವರ್ಷ ಅದು. ಊರು ಮುಳುಗುತ್ತದೆ, ಖಾಲಿ ಮಾಡಿ ಎಂದು ಡಂಗುರ ಹೊಡೆಸಿದ್ದರು. ಎಲ್ಲರೂ ಹೆಂಚು ಇಳಿಸುವವರು, ಕಂಬ ಕೀಳುವವರು. ಕಣ್ಣಮ್ಮನಿಗೆ ಮೂರು ದಿನದಿಂದ ಜ್ವರ. ಆರು ವರ್ಷದ ಮಗು. ಅಣೆಕಟ್ಟಿನ ಕೆಲಸಗಾರರ ಕ್ಯಾಂಪಿನಲ್ಲಿ ಒಬ್ಬ ಡಾಕ್ಟರ್ ಇದ್ದ. ನಮ್ಮ ಮನೆಗೆ ಇದ್ದದ್ದು ಒಂದೇ ಗಾಡಿ. ಬೆಳಗ್ಗೆ ನೀನು ಆ ಗಾಡಿಗೆ ಏನು ಏರಿಸಿದೆ? ಅಪ್ಪ ಮಾಡಿಸಿದ್ದ ಬೇವಿನ ಬಾಗಿಲು. ಚೌಕಟ್ಟು, ಎರಡು ಕದ, ಹೊಸ್ತಿಲು. ಮಧ್ಯಾಹ್ನಕ್ಕೆ ತಿರುಗಿ ಬರುತ್ತೇನೆ ಎಂದು ಹೋದೆ. ದಾರಿಯಲ್ಲಿ ಅಚ್ಚು ಮುರಿಯಿತಂತೆ. ನೀನು ಬಂದಾಗ ಹೊತ್ತು ಮುಳುಗಿತ್ತು, ನನ್ನ ಮಗು ನನ್ನ ತೊಡೆಯ ಮೇಲೆ ತಣ್ಣಗಾಗಿತ್ತು.

ಮಕ್ಕಳನ್ನು ಸುಡುವುದಿಲ್ಲವಲ್ಲ. ಹೊಳೆ ಪಕ್ಕ ಹುಣಸೆಮರದ ಬುಡದಲ್ಲಿ ಹೂತೆವು. ಆಮೇಲೆ ನೀರು ಬಂತು. ನೀರು ಇಳಿದ ಬೇಸಿಗೆಗಳಲ್ಲೆಲ್ಲ ಹೋಗಿ ಹುಡುಕಿದ್ದೇನೆ. ಬಿರುಕು ಬಿಟ್ಟ ಕೆಸರು ಬಿಟ್ಟರೆ ಬೇರೇನೂ ಸಿಕ್ಕಲಿಲ್ಲ.

ನಾನು ಸುಳ್ಳು ಹೇಳುತ್ತಿಲ್ಲ. ಕುಲದ ದೊಡ್ಡವರೇ ನಿನ್ನನ್ನು ನಿಲ್ಲಿಸಿ, ‘ಮಗೀನ ಬಿಟ್ಟು ಬಾಗ್ಲು ಯಾಕ್ಲಾ ಒತ್ಕೊಂಡೋದೆ?’ ಎಂದು ಕೇಳಿದರು. ನೀನು ತಲೆ ತಗ್ಗಿಸಿ, ತಪ್ಪು ನನ್ನದೇ ಎಂದೆ. ಎಲ್ಲರೂ ಕೇಳಿದ್ದಾರೆ. ಅವತ್ತೇ ನಾನು ತೊಪ್ಪೂರಿನ ದಾರಿ ಹಿಡಿದೆ. ಹೊಸ ಊರಿನಲ್ಲಿ ನೀನು ಕಟ್ಟಿದ ಮನೆಗೆ ಆ ಬಾಗಿಲನ್ನೇ ಕೂಡಿಸಿ ಅರಿಶಿನ ಕುಂಕುಮ ಹಚ್ಚಿದೆ. ಆ ಹೊಸ್ತಿಲನ್ನು ದಾಟಿ ನಾನು ನೀರು ಕುಡಿಯಬೇಕೆ?

ಈಗ ನನಗೆ ಬೇಕಾದ್ದು ಕೇಳು. ಸೀರೆಯಲ್ಲ. ಆ ಬಾಗಿಲು ಕಿತ್ತು ಗಾಡಿಗೋ ಲಾರಿಗೋ ಹಾಕಿ ಕಳಿಸು. ಒಂದು ಮೊಳೆಯನ್ನೂ ಉಳಿಸಿಕೊಳ್ಳಬೇಡ. ಇಲ್ಲಿ ನನ್ನ ಕಣ್ಣೆದುರಿಗೇ ಕೊಡಲಿ ಹಾಕಿಸಿ ಸೀಳಿಸುತ್ತೇನೆ. ಹಿತ್ತಲಲ್ಲಿ ಒಟ್ಟಿಸುತ್ತೇನೆ. ನನ್ನನ್ನು ಸುಡುವ ಸೌದೆ ಅದೇ. ನಿನ್ನ ಮನೆಗೆ ಬಾಗಿಲಿಲ್ಲದೆ ನಾಯಿ ನುಗ್ಗಲಿ, ನೀನು ಮಲಗಿದಲ್ಲಿಂದಲೇ ಆ ಖಾಲಿ ಜಾಗ ನೋಡಿಕೊಂಡಿರು. ಅದು ಬರುವ ಮುಂಚೆ ನೀನು ಸಾಯಕೂಡದು. ಅಕ್ಕ ಹೇಳುತ್ತಿದ್ದೇನೆ, ಇದೊಂದಾದರೂ ಕೇಳು.

ಇಂತಿ,
ನಿನ್ನನ್ನು ಎತ್ತಿ ಬೆಳೆಸಿದ ತಪ್ಪಿಗೆ,
ಅಂಜಮ್ಮ
(ಎಡಗೈ ಹೆಬ್ಬೆಟ್ಟು)

ಮತ್ತೆ ಬರೆಸಿದ್ದು: ಸುಗುಣಾ ಅನ್ನದ ಅಗುಳು ಮೆತ್ತಿ ಲಕೋಟೆ ಅಂಟಿಸಿಬಿಟ್ಟಿದ್ದಳು. ಬಿಚ್ಚಿಸಿದ್ದೇನೆ. ಅಂಟಿಸುತ್ತಲೇ ಅವಳು ಒಂದು ಮಾತು ಕೇಳಿದಳು. ‘ಅಷ್ಟು ಜ್ವರ ಇದ್ರೆ, ನೀವ್ಯಾಕೆ ಮಗೂನ ಎತ್ಕೊಂಡು ಗಾಡಿ ಹತ್ತಲಿಲ್ಲ ಅಜ್ಜಿ?’ ಅರವತ್ತೆರಡು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

ಪಾಪಣ್ಣ, ಅವತ್ತು ಬೆಳಗ್ಗೆ ನೀನು ಎತ್ತು ಹೂಡಿ ಒಳಗೆ ಬಂದೆ. ‘ಅಕ್ಕ, ಬಾಗ್ಲು ಆಮ್ಯಾಕೆ ಆಗ್ಲಿ, ಮೊದ್ಲು ಮಗೀನ ಡಾಕ್ಟ್ರತ್ರ ಕರ್ಕೊಂಡೋಗನಾ’ ಎಂದೆ. ನಾನೇ ಹೇಳಿದೆ, ‘ಅಪ್ಪ ಮಾಡ್ಸಿದ್ ಬಾಗ್ಲು ಕಂಡೋರ ಪಾಲಾಗ್ತೈತೆ, ಅದನ್ನ ಮೊದ್ಲು ಸಾಗ್ಸು. ಮಗಾ ಮಲಗೈತೆ, ಮೈ ಬೆವರೈತೆ, ಮದ್ಯಾನ ಓದ್ರಾಯ್ತು.’ ನೀನು ಎರಡು ಸಲ ಕೇಳಿದೆ. ಎರಡು ಸಲವೂ ನಾನು ಬಾಗಿಲು ಎಂದೆ.

ದೊಡ್ಡವರ ಮುಂದೆ ನೀನು ಇದನ್ನು ಹೇಳಬಹುದಿತ್ತು. ಹೇಳದೆ ತಪ್ಪೆಲ್ಲ ನಿನ್ನ ತಲೆಗೆ ಎಳೆದುಕೊಂಡೆ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಸುಮ್ಮನೆ ನಿಂತೆ. ನೀನು ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರೆ ನಾನೂ ಎದೆ ಬಡಿದುಕೊಂಡು ಅತ್ತು, ಎಲ್ಲರ ಹಾಗೆ ಎಪ್ಪತ್ತಕ್ಕೋ ಎಂಬತ್ತಕ್ಕೋ ಸತ್ತಿರುತ್ತಿದ್ದೆ. ಅದಕ್ಕೇ ನಿನ್ನನ್ನು ಕ್ಷಮಿಸಲಿಲ್ಲ.

ಗೋವಿಂದರಾಜನ ಕೈಯಲ್ಲಿ ಸೀರೆ ಹುಡುಕಬೇಡ. ಅದು ನನ್ನ ತಲೆದಿಂಬಿನ ಕೆಳಗಿದೆ. ಬಾಗಿಲು ಮಾತ್ರ ಬರಲೇಬೇಕು.

ಮುನುಸ್ವಾಮಿ ಮೇಷ್ಟ್ರೆ, ಈ ಭಾಗವನ್ನು ಮೊದಲಿನದಕ್ಕಿಂತ ಗಟ್ಟಿಯಾಗಿ ಓದಿ.