ಬಾಕ್ಸ್ ಇನ್ನೂ ರೆಡಿ ಆಗಿಲ್ಲ, ಅಮ್ಮ

ಹಾಸ್ಟೆಲ್ ರೂಮಿನಿಂದ,
ಸೋಮವಾರ, ೧೪ ಜುಲೈ

ಅಮ್ಮನಿಗೆ, ಫೋನಿನಲ್ಲಿ ಹ್ಞೂಂ, ಉಹ್ಞೂಂ ಬಿಟ್ಟು ಬೇರೇನೂ ಹೇಳಲು ಬಾರದ ಮಗಳ ನಮಸ್ಕಾರ.

ಮೊನ್ನೆ ಬಾಕ್ಸ್ ಆಯ್ತಾ ಅಂತ, ಅಪ್ಪನೂ ನಾನೂ ಜೋಡಿಸುತ್ತಿರುವ ಕಂಪ್ಯೂಟರಿನ ಬಗ್ಗೆ, ನೀನು ಕೇಳಿದೆ. ಇಲ್ಲ, ಯುಎಸ್‌ಬಿ ಎರರ್ ಅಂತ ನಾನು ಹೇಳಿದೆ. ಊಟ ಆಯ್ತಾ ಅಂತ ನೀನು ಕೇಳಿದೆ, ಆಯ್ತು ಅಂತ ನಾನು ಹೇಳಿದೆ, ಅಲ್ಲಿಗೆ ಮುಗೀತು. ಅದಕ್ಕೇ ಈ ಪತ್ರ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಭಾನುವಾರ ಬಂತೆಂದರೆ ಕೂರಿಸಿ ಮನೆಗೆ ಪತ್ರ ಬರೆಸುತ್ತಿದ್ದರಲ್ಲ, ಹಾಗಾಗಿ ನಿನ್ನ ಹತ್ತಿರ ನನಗೆ ಸರಿಯಾಗಿ ಮಾತಾಡಲು ಬರುವುದು ಕಾಗದದ ಮೇಲೆ ಮಾತ್ರ. ಕನ್ನಡ ತಪ್ಪಿದ್ದರೆ ಆ ಹಾಸ್ಟೆಲಿಗೆ ಬೈಯಿ.

ಮೊದಲು ನನ್ನ ಡೌಟು. ಬಾಕ್ಸ್ ರೆಡಿ ಆದ ಮೇಲೆ ಮನೆ ಖಾಲಿ ಮಾಡುವುದು ಅಂತ ನೀನೂ ಅಪ್ಪನೂ ಮಾತಾಡಿಕೊಂಡಿದ್ದೀರಂತೆ, ಹೌದಾ? ನನಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಅಪ್ಪ ಸ್ಕ್ರೂ ಬಿಚ್ಚುತ್ತಾ, ಮುಖ ಕಂಪ್ಯೂಟರಿನೊಳಗೆ ಇಟ್ಟುಕೊಂಡೇ ಹೇಳಿದರು. ಆಲ್ಬಮ್ಮು, ಕ್ಯಾಸೆಟ್ಟು ಯಾರ ಹತ್ತಿರ ಇರಬೇಕು ಅನ್ನುವುದೊಂದು ಬಗೆಹರಿದಿಲ್ಲ, ಅದಕ್ಕೇ ಎಲ್ಲವನ್ನೂ ಇದರೊಳಗೆ ಹಾಕಿಬಿಟ್ಟರೆ ನಿಮ್ಮಮ್ಮ ಅಲ್ಲಿಂದ ನೋಡ್ತಾಳೆ, ನಾನು ಇಲ್ಲಿಂದ ನೋಡ್ತೀನಿ, ಆಮೇಲೆ ಇಷ್ಟು ದೊಡ್ಡ ಮನೆ ಯಾಕೆ, ನಾನು ವರ್ಕ್‌ಶಾಪಿನ ಮೇಲಿರೋ ರೂಮಿಗೆ ಹೋಗ್ತೀನಿ ಅಂದರು. ಹಾಗಾದರೆ ನಾನು ರಜೆಗೆ ಎಲ್ಲಿಗೆ ಹೋಗುವುದು ಅಂತ ಕೇಳಬೇಕಿತ್ತು. ಸ್ಟಾರ್ ಸ್ಕ್ರೂಡ್ರೈವರ್ ಕೊಡು ಅಂದರು, ಕೊಟ್ಟೆ.

ನೀನು ಆ ಊರಿಗೆ ಹೋಗುವಾಗ ಆಸ್ಪತ್ರೆಯ ಕೆಲಸ ಆರು ತಿಂಗಳು ಅಂತಲೇ ಹೇಳಿದ್ದೆ ಅಮ್ಮ. ಫಿಸಿಯೋಥೆರಪಿಯವರು ಸಿಗೋದಿಲ್ಲವಂತೆ, ಅದಕ್ಕೆ ನಿಂತಿದ್ದೀನಿ ಅಂತ ಆಮೇಲೆ ಹೇಳಿದೆ. ಅದೂ ನಿಜ ಇರಬಹುದು. ನನಗೆ ಯಾವುದು ನಿಜ ಅಂತ ಗೊತ್ತಾಗುತ್ತಿಲ್ಲ, ಅಷ್ಟೇ.

ಈಗ ಬಾಕ್ಸಿನ ವಿಷಯ. ವರ್ಕ್‌ಶಾಪಿನಲ್ಲಿ ಬೇಡವಾದ ಹಳೇ ಕಂಪ್ಯೂಟರೊಂದನ್ನು ಅಪ್ಪ ಹೊತ್ತುಕೊಂಡು ಬಂದಿದ್ದಾರೆ. ಅದರ ಸಂದಿಯಲ್ಲೆಲ್ಲ ಅಪ್ಪ ಅಲ್ಲಿ ಹಲ್ಲಿನ ಸೆಟ್ ಮಾಡಲು ಬಳಸುವ ಬಿಳಿ ಪ್ಲಾಸ್ಟರ್ ಪುಡಿ. ಅಪ್ಪ ತಂದ ಒಂದು ಡಿಸ್ಕು, ನೀನು ಕೊರಿಯರಿನಲ್ಲಿ ಕಳಿಸಿದ ಒಂದು ಡಿಸ್ಕು, ಎರಡನ್ನೂ ಅದಕ್ಕೆ ಜೋಡಿಸಿದ್ದಾಯಿತು. ಇನ್ನು ಪೆನ್‌ಡ್ರೈವಿನಿಂದ ಆಪರೇಟಿಂಗ್ ಸಿಸ್ಟಮ್ ಹಾಕಿಬಿಟ್ಟರೆ ಅದು ಮನೆಯ ಸ್ಟೋರೇಜ್ ಸರ್ವರ್, ಅಂದರೆ ಎಲ್ಲಿಂದ ಬೇಕಾದರೂ ತೆಗೆದು ನೋಡುವ ಬೀರು, ಆಗುತ್ತದೆ. ಮಗಳು ಕಂಪ್ಯೂಟರ್ ಸೈನ್ಸ್, ಕಣ್ಣು ಮುಚ್ಚಿ ಮಾಡ್ತಾಳೆ ಅಂತ ಅಪ್ಪ ಕೆಳಗಿನ ಮನೆಯವರಿಗೂ ಹೇಳಿಕೊಂಡು ಬಂದಿದ್ದರು. ಫಸ್ಟ್ ಇಯರಿನಲ್ಲಿ ನಮಗೆ ಇಲ್ಲಿಯವರೆಗೆ ಹೇಳಿಕೊಟ್ಟಿರುವುದು ಎರಡು ಸಂಖ್ಯೆ ಕೂಡಿಸುವುದನ್ನು ಅಮ್ಮ. ಅದೂ ಒಂದೊಂದು ಸಲ ತಪ್ಪು ಬರುತ್ತದೆ.

ಮೊದಲ ವಾರ ನಾನು ಆ ಆಪರೇಟಿಂಗ್ ಸಿಸ್ಟಮ್ ಫೈಲನ್ನು ಪೆನ್‌ಡ್ರೈವಿಗೆ ಸುಮ್ಮನೆ ಕಾಪಿ ಮಾಡಿದೆ, ಹಾಡು ಹಾಕಿಕೊಳ್ಳುತ್ತೀವಲ್ಲ ಹಾಗೆ. ಕಂಪ್ಯೂಟರ್ ಅದರ ಕಡೆ ತಿರುಗಿಯೂ ನೋಡಲಿಲ್ಲ. ಹಾಸ್ಟೆಲಿಗೆ ಬಂದು ಸೀನಿಯರ್ ಅಕ್ಕನನ್ನು ಕೇಳಿದರೆ ಅವಳು ಬಕೆಟ್ ಕೆಳಗಿಟ್ಟು ನಕ್ಕಳು. ಕಾಪಿ ಮಾಡೋದಲ್ಲ ಕಣೇ, ಅದಕ್ಕೇ ಅಂತ ಒಂದು ಸಾಫ್ಟ್‌ವೇರ್ ಇದೆ, ಅದರಿಂದ ಬರೀಬೇಕು, ನಿನಗೆ ಅಡ್ಮಿಷನ್ ಕೊಟ್ಟವರು ಯಾರು ಅಂದಳು. ಕೊಟ್ಟಿದ್ದೇ ತಪ್ಪು ಅಂತ ನನಗೂ ಆಗಾಗ ಅನ್ನಿಸುತ್ತದೆ, ಅದು ಇರಲಿ.

ಮುಂದಿನ ಶನಿವಾರ ಬರೆದುಕೊಂಡು ಹೋದೆ. ಕಂಪ್ಯೂಟರ್ ಶುರುವಾಗುವಾಗಲೇ ಒಂದು ಕೀ ಒತ್ತಿ ಸೆಟ್ಟಿಂಗಿಗೆ ಹೋಗಿ, ಮೊದಲು ಯುಎಸ್‌ಬಿ ನೋಡು, ಆಮೇಲೆ ಡಿಸ್ಕು ನೋಡು ಅಂತ ಅದಕ್ಕೆ ಹೇಳಬೇಕು. ಹೇಳಿದೆ. ಕಪ್ಪು ಪರದೆ ಮೇಲೆ ಬಿಳಿ ಸಾಲುಗಳು ಸರಸರ ಓಡಿದವು. ಅಪ್ಪ ನನ್ನ ಬೆನ್ನು ತಟ್ಟಿದರು. ತಟ್ಟಿದ ಕೈ ತೆಗೆಯುವಷ್ಟರಲ್ಲಿ ನಿಂತುಹೋಯಿತು. ಯುಎಸ್‌ಬಿ ವಿಳಾಸ ಒಪ್ಪಿಕೊಳ್ಳುತ್ತಿಲ್ಲ, ಎರರ್ ಮೈನಸ್ ಎಪ್ಪತ್ತೊಂದು ಅಂತ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಬಂತು. ಮೈನಸ್ ಯಾಕೆ ಅಂತ ಅಪ್ಪ ಕೇಳಿದರು. ನನಗೇನು ಗೊತ್ತು. ಪ್ಲಸ್ ಎಪ್ಪತ್ತೊಂದು ಬಂದಿದ್ದರೆ ಪಾಸಾಗುತ್ತಿತ್ತೇನೋ ಅಂತ ಅವರೇ ಹೇಳಿ ಅವರೇ ನಕ್ಕರು.

ಆಮೇಲೆ ಅಪ್ಪ ವರ್ಕ್‌ಶಾಪಿನ, ಹಲ್ಲು ನೋಡುವ ಪುಟ್ಟ ಕನ್ನಡಿ ತಂದು ಪೆನ್‌ಡ್ರೈವ್ ಚುಚ್ಚುವ ಪೋರ್ಟಿನೊಳಗೆ ಹಿಡಿದು ನೋಡಿದರು. ಬಾಯಿ ದೊಡ್ಡದಾಗಿ ತೆಗಿ ಅಂತ ಕಂಪ್ಯೂಟರಿಗೆ ಹೇಳಿದರು. ಪುಡಿ ಊದಿದರು. ಪೆನ್‌ಡ್ರೈವ್ ಬದಲಾಯಿಸಿದೆವು, ಫೈಲನ್ನು ಮತ್ತೆ ಡೌನ್‌ಲೋಡ್ ಮಾಡಿದೆವು, ಕೀಬೋರ್ಡ್ ಕಿತ್ತು ಬೇರೆ ಕಡೆ ಹಾಕಿದೆವು. ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಂತಿತು. ಒಂದೇ ಕಡೆ ನಿಂತಿದ್ದರೆ ಹುಡುಕಬಹುದಿತ್ತು ಅಮ್ಮ.

ಊಟಕ್ಕೆ ಕೂತಾಗ ಅಪ್ಪ ನನಗೆ ಒಳ್ಳೇ ತಟ್ಟೆ ಇಡುತ್ತಾರೆ, ನೆಂಟರಿಗೆ ಇಡುವುದು. ಟವೆಲ್ಲೂ ಹೊಸದು. ಫ್ರಿಜ್ ತೆಗೀಲಾ ಅಂತ ನಾನು ಕೇಳುತ್ತೇನೆ, ಕೇಳಿದ ಮೇಲೆ ನಾಚಿಕೆ ಆಗುತ್ತದೆ. ನಮ್ಮಿಬ್ಬರಿಗೂ ಮಾತಾಡಲು ಬೇರೆ ಏನೂ ಇರಲಿಲ್ಲ, ಈಗ ಯುಎಸ್‌ಬಿ ಇದೆ. ಸ್ನಾನದ ಮನೆ ಬಾಗಿಲಿಂದ ಕೂಗುತ್ತಾರೆ, ಏ ಡೌಟಮ್ಮ, ಒಂದು ವೇಳೆ ಕೇಬಲ್ಲೇ ಸತ್ತಿದ್ದರೆ ಅಂತ. ನಾನು ಹಾಸಿಗೆಯಿಂದಲೇ, ಕೇಬಲ್ಲೇ ಇಲ್ಲಪ್ಪಾ, ನೇರ ಚುಚ್ಚೋದು ಅನ್ನುತ್ತೇನೆ. ಹೌದಲ್ಲ ಅನ್ನುತ್ತಾರೆ. ನೀನು ಇದ್ದಾಗ ಅವರು ಇಷ್ಟು ಮಾತಾಡುತ್ತಿದ್ದರಾ?

ಇನ್ನು ನನಗೆ ತಲೆ ಕೆಟ್ಟಿರುವ ವಿಷಯಕ್ಕೆ ಬರುತ್ತೇನೆ. ಸೀನಿಯರ್ ಅಕ್ಕ ಹೇಳಿದಳು, ಮುಂದಿರುವ ನೀಲಿ ಪೋರ್ಟು ಹಳೇ ಮಷೀನುಗಳಲ್ಲಿ ಹೀಗೇ ಕೈ ಕೊಡುತ್ತೆ, ಹಿಂದುಗಡೆ ಕಪ್ಪು ಪೋರ್ಟು ಇರುತ್ತೆ, ಅದಕ್ಕೆ ಹಾಕು ಅಂತ. ಹೋದ ತಿಂಗಳ ಕೊನೇ ಭಾನುವಾರ ಕಪ್ಪು ಪೋರ್ಟಿಗೆ ಹಾಕಿ, ಸೆಟ್ಟಿಂಗ್ ಎಲ್ಲ ಸರಿ ಮಾಡಿ, ಬಸ್ಸಿಗೆ ಹೊತ್ತಾಯಿತು ಅಂತ ಹಾಗೇ ಆಫ್ ಮಾಡಿ ಬಂದೆ. ಮುಂದಿನ ವಾರ ಹೋಗಿ ಆನ್ ಮಾಡಿದರೆ ಸೆಟ್ಟಿಂಗ್ ಎಲ್ಲ ಮೊದಲಿನ ಹಾಗೇ. ಒಳಗೆ ನಾಣ್ಯದಷ್ಟು ಒಂದು ಸೆಲ್ ಇರುತ್ತದೆ, ಅದು ಸತ್ತರೆ ಹೀಗೆ ಮರೆತುಹೋಗುತ್ತದಂತೆ. ಹೊಸ ಸೆಲ್ ಹುಡುಕಿ ಹಾಕಿ, ಸೆಟ್ಟಿಂಗ್ ಮತ್ತೆ ಸರಿ ಮಾಡುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು, ಬಂದೆ. ಈ ಶನಿವಾರ ಹೋಗಿ ನೋಡಿದೆ, ಮತ್ತೆ ಅದೇ. ಪೆನ್‌ಡ್ರೈವು ಮುಂದಿನ ನೀಲಿ ಪೋರ್ಟಿನಲ್ಲಿ ಕೂತಿತ್ತು. ಅದಕ್ಕೆ ಕಾಲು ಬಂದಿರಲಾರದು.

ಅಪ್ಪನನ್ನು ಕೇಳಿದೆ. ನಾನೂ ವಾರದಲ್ಲಿ ಒಂಚೂರು ಟ್ರೈ ಮಾಡಿದೆ ಅಂದರು. ಏನು ಮಾಡಿದಿರಿ ಅಂದೆ. ಏನೋ, ಅದೇ, ಇಂಟರ್ನೆಟ್ಟಿನಲ್ಲಿ ಯಾರೋ ಹಾಗೆ ಮಾಡು ಅಂದಿದ್ದ ಅಂದರು. ಯಾರು ಅಂದೆ. ತಟ್ಟೆ ತೊಳೆಯಲು ಎದ್ದು ಹೋದರು.

ಇದರ ಅರ್ಥ ಏನು ಅಮ್ಮ? ನಿಜವಾಗಿಯೂ ಸಹಾಯ ಮಾಡಲು ಹೋಗಿ ಕೆಡಿಸಿದರೋ, ಬೇಕಂತಲೇ ಕೆಡಿಸಿದರೋ? ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಹಲ್ಲಿನ ಸೆಟ್ ವಾಪಸ್ ಬರುತ್ತೆ ಅಂತ ಹೇಳುವ ಮನುಷ್ಯ, ಗೊತ್ತಿಲ್ಲದ ಕಡೆ ಕೈ ಹಾಕುವವರಲ್ಲ. ಹಾಗಂತ ಸುಳ್ಳು ಹೇಳುವವರೂ ಅಲ್ಲ. ನಿನಗೆ ಅವರು ನನಗಿಂತ ಹೆಚ್ಚು ಗೊತ್ತು. ನಾನು ಅವರ ಜೊತೆ ಇಷ್ಟು ವಾರ ಸತತವಾಗಿ ಇದ್ದದ್ದು ಇದೇ ಮೊದಲು. ಪ್ರತಿ ಶನಿವಾರ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿರುತ್ತಾರೆ. ಬಾಕ್ಸ್ ಆಗಿಬಿಟ್ಟರೆ ನಾನು ಶನಿವಾರ ಯಾವ ನೆಪ ಹೇಳಿ ಹೋಗಲಿ?

ಇನ್ನೊಂದು ಕೇಳುತ್ತೇನೆ, ಬೈಯಬೇಡ. ಆಗಿಲ್ಲ ಅಂತ ನಾನು ಫೋನಿನಲ್ಲಿ ಹೇಳಿದಾಗಲೆಲ್ಲ ನೀನು, ಇರಲಿ ಬಿಡು, ನಿಧಾನಕ್ಕೆ ಆಗಲಿ ಅನ್ನುತ್ತೀಯ. ಬಸ್ಸು ಹತ್ತು ನಿಮಿಷ ತಡವಾದರೆ ಕಂಡಕ್ಟರಿನ ಜೊತೆ ಜಗಳ ಆಡುವವಳು ನೀನು. ಯಾವಾಗ ನಿಧಾನ ಕಲಿತೆ?

ಆದ್ದರಿಂದ ಸದ್ಯಕ್ಕೆ ಬಾಕ್ಸ್ ರೆಡಿ ಆಗಿಲ್ಲ. ಮನೆ ಓನರಿಗೆ ನೀವಿಬ್ಬರೂ ಇನ್ನೂ ಏನೂ ಹೇಳಬೇಡಿ. ನನ್ನ ಇಂಟರ್ನಲ್ಸ್ ಪರೀಕ್ಷೆ ಹತ್ತಿರ ಬಂದಿದೆ, ಓದುತ್ತಿದ್ದೇನೆ, ಅರ್ಥ ಆಗುತ್ತಿಲ್ಲ, ಮತ್ತೆ ಓದುತ್ತಿದ್ದೇನೆ. ನೀನು ದಿನವಿಡೀ ಬೇರೆಯವರ ಬೆನ್ನು ತಿಕ್ಕಿ ನಿನ್ನ ಬೆನ್ನು ಮರೀಬೇಡ.

ಯಾರು ಯಾವಾಗ ಕೇಳಿದರೂ ಇಬ್ಬರಿಗೂ ಸೇರಿದವಳು,
ಡೌಟಮ್ಮ

ತಾ.ಕ.: ಕವರಿಗೆ ಅಂಟು ಹಚ್ಚಿ, ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಬಾಕ್ಸ್ ಕೆಲಸ ಮಾಡಿತು ಅಮ್ಮ. ನಿನ್ನೆ ಮಧ್ಯಾಹ್ನ, ಕಪ್ಪು ಪೋರ್ಟಿನಲ್ಲಿ, ಒಂದೂ ಎರರ್ ಇಲ್ಲದೆ ಕೊನೆಯವರೆಗೆ ಹೋಯಿತು. ಈ ಎರಡು ಡಿಸ್ಕುಗಳಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಸಲೇ, ಯೆಸ್ ಅಥವಾ ನೋ ಅಂತ ಕೇಳಿತು. ಎರಡೂ ಹೊಸ ಡಿಸ್ಕು, ಅಳಿಸಿಹೋಗಲು ಅದರಲ್ಲಿ ಏನೂ ಇಲ್ಲ, ನನಗೂ ಗೊತ್ತು. ಆದರೂ ಬೆರಳು ಹೋಗಲಿಲ್ಲ. ಅಪ್ಪ ನನ್ನ ಹಿಂದೆಯೇ ನಿಂತಿದ್ದರು, ಕನ್ನಡಕ ಹಾಕಿಕೊಂಡೇ. ಏನಂತೆ ಅಂತ ಕೇಳಿದರು. ಅದೇ ಎರರ್ ಅಪ್ಪ ಅಂದೆ. ಪರದೆಯನ್ನು ಪೂರ್ತಿ ಓದಿದರು, ಹೌದು, ಅದೇ ಅಂದರು. ಅವರೇ ಬಗ್ಗಿ ಪೆನ್‌ಡ್ರೈವ್ ಕಿತ್ತರು. ಮುಂದಿನ ಶನಿವಾರ ಯಾವ ಬಸ್ಸು ಅಂತ ಕೇಳಿದರು.

ಪರದೆ ಕೇಳಿದ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನಲ್ಲ. ಶನಿವಾರ ನೀನೂ ಬಾ. ಇಬ್ಬರೂ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಯೆಸ್ಸೋ ನೋವೋ ನೀವೇ ಒತ್ತಿ. ನಾನು ಒಳಗೆ ಟೀ ಮಾಡುತ್ತಿರುತ್ತೇನೆ.