ಹೋಗಿ ಬರುತ್ತೇನೆ ಎಂದದ್ದು

ಹಡರ್ಸ್‌ಫೀಲ್ಡ್
ಏಪ್ರಿಲ್ ೨೪, ೨೦೨೫

ಸ್ಕಂದ,

ನಾನು ಕ್ಷೇಮ. ನೀನೂ ಕ್ಷೇಮವೆಂದು ನಂಬಲು ಸಾಕ್ಷಿ ಬೇಕು. ಈಚೆಗೆ ಸಾಕ್ಷಿಯಿಲ್ಲದೆ ಏನನ್ನೂ ನಂಬುವ ಅಭ್ಯಾಸ ತಪ್ಪಿಹೋಗಿದೆ. ನಾವು ಬೇರೆಯಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಪೆನ್ನು ಹಿಡಿದು ಕನ್ನಡದಲ್ಲಿ ಬರೆಯುತ್ತಿರುವುದು ಪ್ರೀತಿ ಉಕ್ಕಿ ಬಂದು ಅಲ್ಲ. ಆಫೀಸಿನ ಈಮೇಲನ್ನು ಯಾರು ಯಾರು ಓದುತ್ತಾರೋ ತಿಳಿಯದು, ವಾಟ್ಸಾಪ್‌ನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿದ್ದೀಯ. ಉಳಿದದ್ದು ಅಂಚೆ.

ಬೆಂಕಿಯ ವಿಷಯ. ರೇವನ್‌ಶಾ ಮೂರ್ ನಿನ್ನ ಪಾಲಿಗೆ ಒಂದು ಮರವೂ ಇಲ್ಲದ ಜೌಗು ಗುಡ್ಡ, ನಿನ್ನ ಹೆಂಡತಿಯನ್ನು ಕಿತ್ತುಕೊಂಡ ಸವತಿ. ನಾನು ಕೆಲಸ ಮಾಡುವ ನಿಸರ್ಗ ಟ್ರಸ್ಟ್‌ಗೆ ಅದು ರಕ್ಷಿತ ಪ್ರದೇಶ. ಅಲ್ಲಿಯ ಕಪ್ಪು ಪೀಟ್ ಮಣ್ಣು ಸಾವಿರಾರು ವರ್ಷ ನೀರು ಹೀರಿಕೊಂಡು ಕೂತದ್ದು. ಒಣಗಿತೆಂದರೆ ಮೇಲಿನ ಹುಲ್ಲಷ್ಟೇ ಅಲ್ಲ, ನೆಲವೇ ಹೊತ್ತಿಕೊಳ್ಳುತ್ತದೆ. ಮುಂದಿನ ಹತ್ತು ವರ್ಷ ಅದನ್ನು ಹೇಗೆ ನೋಡಿಕೊಳ್ಳಬೇಕೆಂಬ ಯೋಜನೆ ಬರೆದವಳು ನಾನು. ಹಳೆಯ ಕಾಲುವೆಗಳಿಗೆ ಒಡ್ಡು ಹಾಕಿ ನೀರು ನಿಲ್ಲಿಸುವುದು, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳನ್ನು ಅವುಗಳ ಪಾಡಿಗೆ ಬಿಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದ ಬೇಟೆ ಎಸ್ಟೇಟಿನವರು ಬೇಟೆಯ ಹಕ್ಕಿಗಳಿಗೆ ಎಳೆ ಚಿಗುರು ಸಿಗಲೆಂದು ಪ್ರತಿ ವರ್ಷ ಪೊದೆ ಸುಡುವುದನ್ನು ನಿಲ್ಲಿಸುವುದು. ಅವರಿಗೆ ನನ್ನ ಮೇಲೆ ಎಷ್ಟು ಪ್ರೀತಿಯಿರಬಹುದು, ನೀನೇ ಊಹಿಸು.

ಅವತ್ತು ನೀನು ಈಗಿರುವ ಲೆಮಿಂಗ್ಟನ್‌ನಿಂದ ನಮ್ಮ ಮನೆ ಮಾರುವ ಕಾಗದ ಹಿಡಿದು ಗುಡ್ಡದ ಕಾರ್ ಪಾರ್ಕಿಗೇ ಬಂದೆ. ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟು ನಾನು ಸಹಿ ಹಾಕಿದೆ. ನೀನು ಬಿಸ್ಕತ್ತು ತಂದಿದ್ದೆ, ನಾನು ಬೇಡವೆಂದೆ. ನಾನು ಹೊರಟ ಮೇಲೆ ನಮ್ಮ ರೇಂಜರ್ ಕೀತ್ ಜೊತೆ ನೀನು ಮಾತಾಡುತ್ತಾ ನಿಂತೆಯಂತೆ. ಅದೇ ಸಂಜೆ ಗುಡ್ಡ ಹೊತ್ತಿತು, ಎರಡು ದಿನ ಉರಿಯಿತು. ಬೆಳಿಗ್ಗೆ ತಮ್ಮ ಕಡೆಯ ಇಳಿಜಾರಿನಲ್ಲಿ ಪೊದೆ ಸುಟ್ಟಿದ್ದು ನಿಜ, ಆದರೆ ಮಧ್ಯಾಹ್ನಕ್ಕೇ ಪೂರ್ತಿ ಆರಿಸಿದ್ದೇವೆ ಎಂದು ಎಸ್ಟೇಟಿನವರು ಹೇಳುತ್ತಿದ್ದಾರೆ.

ಹಾಗಾದರೆ ಹಚ್ಚಿದವರು ಯಾರು? ಇಲ್ಲಿಗೆ ಬಂತು ನಿನ್ನ ಇಂಗ್ಲಿಷು. ಕೀತ್ ಸುಳ್ಳಾಡುವವನಲ್ಲ, ಕೇಳಿದ್ದನ್ನು ಕೇಳಿದ ಹಾಗೇ ವಿಚಾರಣೆಯಲ್ಲಿ ಒಪ್ಪಿಸಿದ್ದಾನೆ. ನೀನು ಹೊರಡುವಾಗ ಅವನ ಕೈ ಕುಲುಕಿ, ‘ಓಕೆ ಕೀತ್, ಐ ವಿಲ್ ಗೋ ಅಂಡ್ ಕಮ್’ ಎಂದೆಯಂತೆ. ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ಅನ್ನ ತಿಂದು ಇದೇನೋ ನಿನ್ನ ಗೋ ಅಂಡ್ ಕಮ್! ಅವನಿಗೆ ಅರ್ಥವಾದದ್ದು ಇಷ್ಟೇ: ಈ ಮನುಷ್ಯ ಮತ್ತೆ ಬರುತ್ತೇನೆಂದು ಹೇಳಿ ಹೋದ, ಕತ್ತಲಾಗುವ ಹೊತ್ತಿಗೆ ಬೆಂಕಿ ಬಿತ್ತು.

ಅಗ್ನಿಶಾಮಕ ದಳದ ಪರವಾಗಿ ವಿಚಾರಣೆ ನಡೆಸುವ ಹೆಲೆನ್ ನನ್ನನ್ನು ಕರೆದು ಕೇಳಿದಳು. ಅದು ನಮ್ಮ ಕಡೆ ಬರೀ ಗುಡ್‌ಬೈ, ‘ಹೋಗುತ್ತೇನೆ’ ಎಂದಷ್ಟೇ ಹೇಳಿ ಹೊರಡುವುದು ಅಪಶಕುನ ಎಂದೆ. ಆಕೆ ನಕ್ಕು, ಇನ್ನೊಬ್ಬರ ಬಾಯಲ್ಲೂ ಕೇಳೋಣ ಎಂದಳು. ಗೆಳತಿ ತಲತ್‌ಳನ್ನು ಕರೆದೊಯ್ದೆ. ಅವಳು ಜಿಪಿ ಡಾಕ್ಟರ್, ಮಾತಿಗೆ ತೂಕ ಇರುತ್ತದೆಂದುಕೊಂಡೆ. ನಮ್ಮ ಹುಬ್ಬಳ್ಳಿ ಮನೆಯಲ್ಲೂ ಉರ್ದುವಿನಲ್ಲಿ ‘ಜಾಕೊ ಆತೂಂ’, ಹೋಗಿ ಬರ್ತೀನಿ ಅಂತಲೇ ಹೇಳೋದು, ಬರೀ ‘ಜಾತೂಂ’ ಅಂದರೆ ಅಮ್ಮಿ ಒಳಗೆ ಕರೆದು ಕೂರಿಸಿ ಆಮೇಲೆ ಕಳಿಸ್ತಾರೆ ಎಂದು ಚೆನ್ನಾಗಿಯೇ ಹೇಳಿದಳು. ಹೊರಗೆ ಬಂದು ನನ್ನ ಕಿವಿಯಲ್ಲಿ, ಗ್ಯಾಸ್ ಒಲೆ ಹಚ್ಚೋಕೆ ನಾಲ್ಕು ಕಡ್ಡಿ ಗೀಚೋ ನಿನ್ನ ಗಂಡ ಗುಡ್ಡ ಹೆಂಗೆ ಹಚ್ತಾನೆ ಮಾರಾಯ್ತಿ ಎಂದಳು. ನಗು ಬಂತು. ಆಮೇಲೆ ನಗು ಬಂದದ್ದಕ್ಕೇ ಸಿಟ್ಟು ಬಂತು.

ಏಕೆಂದರೆ ತಲತ್‌ಗೆ ಗೊತ್ತಿಲ್ಲದ ಒಂದು ಮಾತು ನನಗೆ ಗೊತ್ತು. ಸೂಟ್‌ಕೇಸ್ ಹಿಡಿದು ನಮ್ಮ ಮನೆ ಬಿಟ್ಟ ದಿನ ನೀನು ನನಗೆ ಹೇಳಿದ್ದು ‘ಹೋಗ್ತೀನಿ’ ಎಂದು. ಬೇಕೆಂದೇ ಹೇಳಿದೆ, ನನಗೆ ನಾಟಲೆಂದೇ ಹೇಳಿದೆ. ಆ ಮಾತಿನ ಬೆಲೆ ನಿನಗೆ ಚೆನ್ನಾಗಿ ಗೊತ್ತು. ಹಾಗಿದ್ದ ಮೇಲೆ ಅವತ್ತಷ್ಟೇ ಪರಿಚಯವಾದ ಕೀತ್‌ಗೆ ಹೋಗಿ ಬರುತ್ತೇನೆ ಎಂದದ್ದು ಬಾಯಿ ಅಭ್ಯಾಸವೋ, ಬರುವ ಮನಸ್ಸಿತ್ತೋ?

ಇನ್ನೂ ಒಂದಿದೆ. ಕಾರ್ ಪಾರ್ಕಿನಿಂದ ನೇರವಾಗಿ ಲೆಮಿಂಗ್ಟನ್‌ಗೆ ಹೋದೆನೆಂದು ನೀನು ಹೇಳಿಕೆ ಕೊಟ್ಟಿದ್ದೀಯ. ಮೋಟರ್‌ವೇ ಕ್ಯಾಮೆರಾದಲ್ಲಿ ನಿನ್ನ ಕಾರು ಕಂಡದ್ದು ಕತ್ತಲಾದ ಎಷ್ಟೋ ಹೊತ್ತಿನ ಮೇಲೆ. ಹೆಲೆನ್ ಈ ಮಾತನ್ನು ಬಹಳ ಮೆತ್ತಗೆ ಹೇಳಿದಳು. ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಈಗ ಭಯ. ಎಸ್ಟೇಟಿನ ವಕೀಲ ನನಗಾಗಿ ಬಾಗಿಲು ತೆರೆದು ಹಿಡಿಯುತ್ತಾನೆ. ನನ್ನ ಆಫೀಸಿನವರು ನಾನು ಅಡುಗೆಕೋಣೆಗೆ ಹೋದರೆ ಮಾತು ನಿಲ್ಲಿಸುತ್ತಾರೆ. ಎಸ್ಟೇಟಿನ ಮೇಲೆ ಗೂಬೆ ಕೂರಿಸಲು ನಾನೇ ನಿನ್ನ ಕೈಯಲ್ಲಿ ಬೆಂಕಿ ಇಡಿಸಿದೆನೆಂದೂ ಒಬ್ಬರು ಆಡಿಕೊಂಡರಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದಾಗಿದೆ.

ಸೋಮವಾರ ವರದಿ ಹೊರಬೀಳುತ್ತದೆ. ಬೆಂಕಿಗೆ ಕಾರಣ ‘ಹೊರಗಿನ ಸಂದರ್ಶಕ’ ಎಂದು ಬರೆದುಬಿಟ್ಟರೆ ನಿನ್ನ ಹೆಸರು ಪೊಲೀಸರಿಗೆ ಹೋಗುತ್ತದೆ. ಎಸ್ಟೇಟಿನವರು ಕೈ ತೊಳೆದುಕೊಂಡು ಇನ್ನು ಹತ್ತು ವರ್ಷ ಸುಡುತ್ತಾರೆ, ನಾನು ಬರೆದದ್ದೆಲ್ಲ ನೀರಿನಲ್ಲಿ ಹೋಮ. ಅವತ್ತು ಸಂಜೆ ಎಲ್ಲಿದ್ದೆ, ಹೇಳಿಬಿಡು. ಬೇರೆ ಯಾರನ್ನಾದರೂ ನೋಡಲು ಹೋಗಿದ್ದರೂ ಸರಿ, ಹೆಲೆನ್‌ಗೆ ಹೇಳು, ನನಗೆ ಹೇಳಬೇಡ. ನಾನು ಲೀಡ್ಸ್‌ನಲ್ಲಿ ಯೋಜನೆಯ ಸಭೆಯಲ್ಲಿದ್ದೆ. ನನಗೇನೂ ಗೊತ್ತಿಲ್ಲ.

ಇಂತಿ,
ಕಾಗದದ ಮೇಲೆ ಇನ್ನೂ ನಿನ್ನ ಹೆಂಡತಿಯಾಗಿರುವ
ಮಧುರಾ

ಮರೆತ ಮಾತು: ಈ ಪತ್ರ ಎರಡು ದಿನ ನನ್ನ ಬ್ಯಾಗಿನಲ್ಲೇ ಇತ್ತು. ಲೀಡ್ಸ್‌ನ ಸಭೆ ಬೇಗ ಮುಗಿದಿತ್ತು, ಸ್ಕಂದ. ಅವತ್ತು ಸಂಜೆ ನೀನು ನನ್ನ ಮನೆಯ ಬೆಲ್ ಒತ್ತಿದಾಗ ನಾನು ಮಹಡಿಯ ಕಿಟಕಿಯ ಪರದೆಯ ಹಿಂದೆ ನಿಂತಿದ್ದೆ. ನೀನು ಮತ್ತೆ ಒತ್ತಿದೆ, ಆಮೇಲೆ ಕಾರಿನಲ್ಲಿ ಹೋಗಿ ಕೂತೆ. ಗುಡ್ಡದ ಮೇಲೆ ಮೊದಲ ಹೊಗೆ ಎದ್ದಾಗಲೂ ನೀನು ಅಲ್ಲೇ ಇದ್ದೆ, ಫೈರ್ ಎಂಜಿನ್ ನಮ್ಮ ಬೀದಿ ದಾಟಿ ಹೋದಾಗಲೂ ಅಲ್ಲೇ ಇದ್ದೆ. ಬೆಂಕಿ ಇಟ್ಟವನೆನ್ನಿಸಿಕೊಂಡರೂ ಸರಿ, ನನ್ನ ಬಾಗಿಲಲ್ಲಿ ನಿಂತದ್ದನ್ನು ಬಾಯಿ ಬಿಡಬಾರದು ಎಂದುಕೊಂಡೆಯಲ್ಲ, ಆ ಹಟ ನನಗೆ ಅರ್ಥವಾಗುತ್ತದೆ. ನನ್ನದೂ ಅದೇ ಹಟ, ಮೇಲೆ ಯೋಜನೆಯ ಆಸೆ. ಗಂಡನ ಪರವಾಗಿ ಸಾಕ್ಷಿ ಹೇಳಿದವಳು ಅದರಲ್ಲಿ ಇರುವಂತಿಲ್ಲ. ಇವತ್ತು ಬೆಳಿಗ್ಗೆ ಹೆಲೆನ್‌ಗೆ ಎಲ್ಲ ಹೇಳಿ ಸಹಿ ಹಾಕಿದೆ. ಯೋಜನೆ ಇನ್ನೊಬ್ಬರ ಕೈಗೆ ಹೋಯಿತು. ಹೊಟ್ಟೆ ಉರಿಯುತ್ತಿದೆ, ಸುಳ್ಳು ಹೇಳುವುದಿಲ್ಲ. ನಿನ್ನ ಗಂಡನೇ ಅಲ್ಲವೇ, ತಪ್ಪಾಗಿ ಕಂಡಿರಬಹುದಲ್ಲ, ಅವನು ಹಚ್ಚಿಲ್ಲವೆಂದು ಇಷ್ಟು ಗಟ್ಟಿಯಾಗಿ ಹೇಗೆ ಹೇಳುತ್ತೀ ಎಂದು ಹೆಲೆನ್ ಕೇಳಿದಳು. ಬೆಲ್ ಒತ್ತುವ ಮೊದಲು ಅವನು ಬಾಗಿಲ ಗಾಜಿನಲ್ಲಿ ನೋಡಿಕೊಂಡು ಬೆರಳಿನಿಂದ ತಲೆ ಬಾಚಿಕೊಂಡ, ಅದನ್ನು ನಾನು ಕಂಡೆ ಎಂದೆ.