ಎರಡೂ ನಾರ್ಮಲ್

ಅಕ್ಟೋಬರ್ 6, ಸೋಮವಾರ. ಮಧ್ಯಾಹ್ನ

ಬೆಳಿಗ್ಗೆ ಎರಡು ರವಿಕೆ ಕತ್ತರಿಸಿಟ್ಟೆ. ಆಮೇಲೆ ಅತ್ತೆಯ ಜೊತೆ ಚೆಕಪ್ಪು. ಮಾಂಬಳ್ಳಿ ಆಸ್ಪತ್ರೆಗೆ ಹೊಸ ಸಿಸ್ಟರ್ ಬಂದಿದ್ದಾರೆ. ಏಳು ತಿಂಗಳು ತುಂಬಿತು ಎಂದರು. ಬಿ.ಪಿ. ಸರಿ. ತಾಯಿ ಕಾರ್ಡು ತಿರುವುತ್ತಾ, ಹಿಂದಿನ ಎರಡು ಹೆರಿಗೆ ಹೇಗಾಯಿತು ಎಂದು ಕೇಳಿದರು. "ಎರಡೂ ನಾರ್ಮಲ್" ಎಂದೆ. ಅತ್ತೆ ಪಕ್ಕದಲ್ಲೇ ಕೂತಿದ್ದರು. ಸಿಸ್ಟರ್ ಟಿಕ್ ಹಾಕಿಕೊಂಡರು.

ದೊಡ್ಡವಳು ಇಂಚರಳದ್ದು ನಿಜ. ಚಿಕ್ಕವಳದ್ದು ಸುಳ್ಳು. ನಾಲ್ಕು ವರ್ಷದ ಹಿಂದೆ, ಲಾಕ್‌ಡೌನ್ ಹೊತ್ತಿನಲ್ಲಿ, ತವರು ಕಾಮಗೆರೆಯಲ್ಲಿ ಬಾಣಂತನ. ಮಗು ಬಂತು, ಮಾಸು ಬೀಳಲಿಲ್ಲ. ರಕ್ತ ನಿಲ್ಲಲಿಲ್ಲ. ನಾಲ್ಕು ಬಾಟಲಿ ಹಾಕಿದರು — ಒಂದು ನನ್ನ ತಮ್ಮ ಬಸವೇಶನದ್ದು. ಡಾಕ್ಟರಮ್ಮ ಹೇಗೋ ಉಳಿಸಿಕೊಂಡರು. ನಮ್ಮ ಯಜಮಾನರು ಪಾಸು ಮಾಡಿಸಿಕೊಂಡು ಬಂದದ್ದು ಐದನೇ ದಿನ. ಅಷ್ಟರಲ್ಲಿ ಅವ್ವ ನನ್ನಿಂದ ಭಾಷೆ ತೆಗೆದುಕೊಂಡಾಗಿತ್ತು.

"ಬೀಗರ ಕಿವಿಗೆ ಬೀಳ್ಕೂಡದು ಕಣವ್ವ. ನೋವು ಬಂದ್ಮೇಲೂ ಅಮಾಸೆ ಕಳೀಲಿ ಅಂತ ಕೂರುಸ್ಕಂಡೋಳು ನಾನು. ಬಾಣಂತನಕ್ಕೆ ಕಳ್ಸುದ್ರೆ ಸಾಯ್ಸಕ್ಕೋಗಿದ್ಲು ಅಂತಾರೆ."

ಅವ್ವ ಹೋಗಿ ಒಂದು ವರ್ಷವಾಗುತ್ತಾ ಬಂತು. ಭಾಷೆ ಮಾತ್ರ ನನ್ನ ಹತ್ತಿರವೇ ಉಳಿದಿದೆ. ತವರಿನಲ್ಲಿ ನೋಡುವವರಿಲ್ಲ, ಆದ್ದರಿಂದ ಈ ಸಲ ಹೆರಿಗೆ ಇಲ್ಲೇ.

ಇದನ್ನು ಬರೆಯುತ್ತಿರುವುದು ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ. ಯಾರೂ ತೆರೆಯುವುದಿಲ್ಲ. ಊರ ಹೆಂಗಸರ ತೋಳು, ಸೊಂಟದ ಸುತ್ತಳತೆ ಯಾರಿಗೆ ಬೇಕು.

ಅಕ್ಟೋಬರ್ 9

ಪಕ್ಕದ ಮನೆ ಕವಿತ ಬಂದಿದ್ದಳು. ಚೊಚ್ಚಲು, ಮುಂದಿನ ತಿಂಗಳೇ ದಿನ. ಮುಖ ಸಣ್ಣಗಾಗಿದೆ. ಅತ್ತೆ ಅವಳಿಗೆ ನನ್ನನ್ನು ತೋರಿಸಿದರು. "ನೋಡು, ನಮ್ ಸೌಮ್ಯುಂಗೆ ಎರಡೂ ಊವೆತ್ತಿದಂಗಾಯ್ತು. ಎದ್ರುಕತಾರೇನವ್ವ?"

ಕವಿತ ನನ್ನ ಮುಖ ನೋಡಿದಳು. "ಔದಾ ಅಕ್ಕ?"

ಹೌದು ಎಂದೆ. ನಗುತ್ತಲೇ ಹೇಳಿದೆ. ಇನ್ನೂ ಏನೇನೋ ಹೇಳಿದೆ, ಒಂದು ಗಂಟೆಯ ಕೆಲಸ, ಆಮೇಲೆ ಮಗುವಿನ ಮುಖ ನೋಡಿದರೆ ಎಲ್ಲಾ ಮರೆತುಹೋಗುತ್ತದೆ... ಸುಳ್ಳಿಗೆ ಸಾವಿರ ನಾಲಿಗೆ.

ಅಕ್ಟೋಬರ್ 15. ಬೆಳಿಗ್ಗೆ 11

ಕೆಂಪು ಲೈನಿಂಗ್ ಬಟ್ಟೆ ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಹೊಲಿಯುವ ಮೊದಲು ನೆನೆಸದಿದ್ದರೆ ಆಮೇಲೆ ಕುಗ್ಗುತ್ತದೆ. ಬಣ್ಣ ಬಿಟ್ಟಿತ್ತು. ನೀರೆಲ್ಲಾ ಕೆಂಪು.

ಕೈ ಹಾಕಲು ಆಗಲಿಲ್ಲ. ಕಿವಿ ಗುಂಯ್ ಎಂದಿತು. ಬಚ್ಚಲಲ್ಲೇ ಕೂತುಬಿಟ್ಟೆ. ಆ ದಿನ ನರ್ಸ್ ಒಬ್ಬರು ಟ್ರೇ ಬದಲಿಸಿ ಬದಲಿಸಿ ಇಟ್ಟದ್ದು, ಕಾಲು ತಣ್ಣಗಾಗಿದ್ದು, ಅವ್ವ ಎಲ್ಲೋ ದೂರದಿಂದ ಹೆಸರು ಹಿಡಿದು ಕೂಗುತ್ತಿದ್ದದ್ದು. ನಾನು ಓ ಎನ್ನಬೇಕು, ಆಗುತ್ತಿಲ್ಲ.

ಚಿಕ್ಕವಳು ಬಂದು ಬಕೆಟ್ ನೋಡಿ "ಶರಬತ್ತಾ?" ಎಂದಳು. ನಗು ಬಂತು. ಆಮೇಲೆ ಅಳು ಬಂತು. ಬಟ್ಟೆಯನ್ನು ಕೊನೆಗೆ ಅತ್ತೆ ಹಿಂಡಿ ಹರವಿದರು. ಸುಸ್ತಾ ಎಂದರು. ಹೂಂ ಎಂದೆ.

ಅಕ್ಟೋಬರ್ 16

ಏನು ಮಾಡಿದರೆ ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತದೆ — ಹುಕ್ಕು ಹೊಲಿಯುವುದು. ಒಂದೊಂದು ಹುಕ್ಕಿಗೆ ಆರು ಸುತ್ತು. ಉಸಿರನ್ನೂ ಜೊತೆಗೇ ಎಣಿಸುವುದು. ನಿನ್ನೆಯಿಂದ ಇಡೀ ಊರಿನ ಹುಕ್ಕು ಮುಗಿಸಿದ್ದೇನೆ. ಇನ್ನು ಕಳಚಿ ಮತ್ತೆ ಹೊಲಿಯಬೇಕು.

ನವೆಂಬರ್ 3

ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು.

ಇವತ್ತು ಇವರಿಗೆ ಹೇಳಲು ಹೋದೆ. ಯಳಂದೂರಿನ ಮೋಟಾರ್ ವೈಂಡಿಂಗ್ ಅಂಗಡಿಯಿಂದ ಊಟಕ್ಕೆ ಬಂದಿದ್ದರು. ಅನ್ನ ಬಡಿಸುತ್ತಾ, "ನಂಗೆ ಈ ಸಲ ಭಯ ಆಯ್ತದೆ ಕಣ್ರಿ" ಎಂದೆ.

"ಇದೇನು ಒಸ್ದಾ? ಎರಡ್ ಆಗಿಲ್ವಾ? ನೀನು ಗಟ್ಟಿಗಿತ್ತಿ ಬುಡು."

ಒಳ್ಳೆಯ ಮನುಷ್ಯ. ನನ್ನ ಮೇಲೆ ನಂಬಿಕೆ. ಆ ನಂಬಿಕೆಯೇ ನನ್ನನ್ನು ಕೊಲ್ಲುತ್ತದೆ. ಈ ಮನೆಯಲ್ಲಿ ಹೆದರಿದವಳು ನಾನೊಬ್ಬಳೇ, ಏಕೆಂದರೆ ಗೊತ್ತಿರುವವಳು ನಾನೊಬ್ಬಳೇ. ಮತ್ತೆ ಹಾಗಾದರೆ ಇಲ್ಲಿ ರಕ್ತ ಎಲ್ಲಿದೆ? ಗೊತ್ತಿಲ್ಲದ ಜನ ಏನು ತಯಾರಿ ಮಾಡುತ್ತಾರೆ?

ಅವ್ವನ ಮೇಲೆ ಕೋಪ ಬರುತ್ತದೆ. ಸತ್ತವಳ ಮೇಲೆ ಕೋಪ ಮಾಡಿಕೊಂಡರೆ ಇಳಿಯುವ ಜಾಗವಿಲ್ಲ.

ನವೆಂಬರ್ 9, ಭಾನುವಾರ. ಸಂಜೆ

ಬಸವೇಶನಿಗೆ ಫೋನ್ ಮಾಡಿ ಕರೆಸಿದೆ. ಆಗಿನ ಆಸ್ಪತ್ರೆ ಕಾಗದ ತಾ ಎಂದಿದ್ದೆ. ಬೆಲ್ಲ, ಬೆಳ್ಳುಳ್ಳಿ ತಂದ. ಕಾಗದ ತರಲಿಲ್ಲ.

"ಅವ್ವ ಆವತ್ತೇ ಒಲೆಗಾಕ್ಬುಟ್ಳು ಕಣಕ್ಕ."

ಹಾಗಿದ್ದರೆ ಬಾಯಲ್ಲೇ ಹೇಳುತ್ತೇನೆ ಎಂದೆ. ಅವನು ಹಿತ್ತಲ ಕಡೆ ನೋಡಿ ದನಿ ತಗ್ಗಿಸಿದ. "ಬ್ಯಾಡ. ಸತ್ತೋಗಿರೋ ಅವ್ವುನ್ ಎಸ್ರು ಯಾಕ್ ಕೆಡುಸ್ತೀಯ? ನಿಮ್ಮತ್ತೆ ಊರೆಲ್ಲಾ ಸಾರ್ತಾರೆ."

"ಬದುಕಿರೋಳ್ ನಾನಲ್ವೇನ್ಲಾ?"

ಅವನು ಕಾಫಿ ಅರ್ಧ ಬಿಟ್ಟು ಬೈಕ್ ಹತ್ತಿದ.

ನವೆಂಬರ್ 10

ಚೆಕಪ್ಪು. ರಕ್ತ ಒಂಬತ್ತು ಪಾಯಿಂಟು. ಮಾತ್ರೆ ಕೊಟ್ಟರು. "ನಿಮ್ಮ ಹಿಸ್ಟರಿ ಚೆನ್ನಾಗಿದೆ, ಇಲ್ಲೇ ಆಗುತ್ತೆ" ಎಂದರು ಸಿಸ್ಟರ್. ಅತ್ತೆಗೆ ಸಮಾಧಾನ. ಬಾಯಿ ತೆರೆದೆ. "ಮಾತ್ರೆ ಊಟ ಆದ್ಮೇಲಾ?" ಎಂದು ಕೇಳಿ ಮುಚ್ಚಿಕೊಂಡೆ. ಹೇಡಿ.

ನವೆಂಬರ್ 17. ಮಧ್ಯಾಹ್ನ

ಕವಿತ ಆಸ್ಪತ್ರೆಯಿಂದ ಮಗು ಎತ್ತಿಕೊಂಡು ಬಂದಿದ್ದಾಳೆ. ಗಂಡು. ನೋಡಲು ಹೋದೆ. ಎರಡು ದಿನ ನೋವು ತಿಂದು, ಕೊನೆಗೆ ಆಪರೇಷನ್. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಅವಳ ಅತ್ತೆ ಆಚೆ ಹೋದ ಮೇಲೆ ಮೆಲ್ಲಗೆ ಹೇಳಿದಳು.

"ಅಕ್ಕ, ನಾನು ಕಿರುಚ್ಕಂಡ್ಬುಟ್ಟೆ. ಬರೀ ನಾಚ್ಕೆ. ನಿಮ್ಗೆ ಅಷ್ಟು ಸಲೀಸಾಗಿ ಆಯ್ತಲ್ಲ... ನನ್ ಮೈಯಲ್ಲೇ ಏನೋ ಕೆಟ್ಟದ್ದು ಅದೆ ಅಂದ್ಕಂಡೆ."

ಎದ್ದು ಬಂದೆ. ಅವಳ ಮುಂದೆ ಕೂರಲು ಮುಖವಿರಲಿಲ್ಲ.

ನವೆಂಬರ್ 18. ಬೆಳಿಗ್ಗೆ, ಆಸ್ಪತ್ರೆ ಸಾಲಿನಲ್ಲಿ

ಹೇಳಿದೆ.

ಅತ್ತೆಗೊಂದು ರವಿಕೆ ಹೊಲಿಯಬೇಕಿತ್ತು. ಅಳತೆ ತೆಗೆಯಲು ನಿಲ್ಲಿಸಿದೆ. ಎದೆ ಅಳೆದೆ, ತೋಳು ಅಳೆದೆ, ಬಾಯಿ ಬರಲಿಲ್ಲ. ಹಿಂದೆ ತಿರುಗಿ ಎಂದೆ. ಬೆನ್ನಿಗೆ ಟೇಪು ಹಿಡಿದ ಮೇಲೆ ಮುಖ ಕಾಣುವುದಿಲ್ಲವಲ್ಲ. ಬೆನ್ನಿಗೇ ಹೇಳಿದೆ. ಮಾಸು ನಿಂತದ್ದು, ನಾಲ್ಕು ಬಾಟಲಿ, ಅಮಾವಾಸ್ಯೆ, ಅವ್ವ ತೆಗೆದುಕೊಂಡ ಭಾಷೆ. ಅವರು ಕೈ ಅಗಲಿಸಿಕೊಂಡು ಹಾಗೇ ನಿಂತಿದ್ದರು. ಬೆನ್ನು ಹದಿನಾಲ್ಕೂವರೆ ಎಂದು ಪುಸ್ತಕದಲ್ಲಿ ಬರೆದೂ ಬರೆದೆ. ಈಗ ನೋಡಿದರೆ ಅಂಕಿ ಓದಲು ಬರುವುದಿಲ್ಲ.

ತಿರುಗಿದರು. ಹೊಡೆಯುತ್ತಾರೆ ಅಂದುಕೊಂಡೆ.

"ನಾಕು ವರ್ಸ. ನಾಕು ವರ್ಸ ನಂಗೆ ಸುಳ್ಳೇಳುದ್ರಾ ಅವ್ವ ಮಗಳು ಸೇರ್ಕಂಡು? ನಿಮ್ಮವ್ವುಂಗೆ ಅಮಾಸೆ ಎಚ್ಚಾಯ್ತಾ, ಎತ್ತ ಮಗಳು ಎಚ್ಚಾದ್ಲಾ? ಥೂ."

ಬಸವೇಶ ಹೇಳಿದ್ದೇ ಆಯಿತು. ಅವ್ವನನ್ನು ಬೈದರು, ಕವಿತಳ ಮನೆಗೂ ಕೇಳುವ ಹಾಗೆ. ನಾನು ಟೇಪು ಸುತ್ತುತ್ತಾ ನಿಂತೆ. ಅವ್ವನ ಪರವಾಗಿ ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ತಪ್ಪು ಅವಳದ್ದೇ. ಪ್ರೀತಿಯೂ ಅವಳದ್ದೇ. ಯಾವುದನ್ನು ಮೊದಲು ಹೇಳಬೇಕು ಎಂದು ತಿಳಿಯಲಿಲ್ಲ.

ಹತ್ತು ನಿಮಿಷದ ಮೇಲೆ ನೋಡಿದರೆ ಅತ್ತೆ ಸೀರೆ ಬದಲಿಸಿದ್ದರು. ಕೈಯಲ್ಲಿ ತಾಯಿ ಕಾರ್ಡು. "ನಡಿ."

ಸಂಜೆ

ಸಿಸ್ಟರ್ ಸಿಟ್ಟಾದರು, ಆಮೇಲೆ ತಣ್ಣಗಾದರು. ಹಿಂದಿನ ಟಿಕ್ ಅಳಿಸಿ ಕಾರ್ಡಿನ ಮೇಲೆ ಕೆಂಪಿನಲ್ಲಿ ಹೈ ರಿಸ್ಕ್ ಎಂದು ಬರೆದರು. ಹೆರಿಗೆ ದೊಡ್ಡಾಸ್ಪತ್ರೆಯಲ್ಲೇ. ರಕ್ತ ಮೊದಲೇ ಸಿದ್ಧವಿರಬೇಕು. ಕೊಟ್ಟ ದಿನಕ್ಕಿಂತ ನಾಲ್ಕು ದಿನ ಮುಂಚೆಯೇ ಸೇರಬೇಕು.

ಇವರಿಗೂ ವಿಷಯ ಹೇಳಿದೆ. "ನಿನ್ನ ಗಟ್ಟಿಗಿತ್ತಿ ಅಂದ್ನಲ್ಲ ನಾನು" ಎಂದರು. ಅಷ್ಟೇ. ನಾನೇ ಸಮಾಧಾನ ಮಾಡಬೇಕಾಯಿತು.

ನವೆಂಬರ್ 19

ಕವಿತಳಿಗೂ ಹೇಳಿದೆ. ಎಲ್ಲಾ. ಅವಳು ನನ್ನ ಕೈ ಗಿಲ್ಲಿದಳು, ನೋವಾಗುವ ಹಾಗೆ. ಆಮೇಲೆ ಹಿಡಿದ ಕೈ ಬಿಡಲಿಲ್ಲ.

ಡಿಸೆಂಬರ್ 4, ಗುರುವಾರ. ಬೆಳಿಗ್ಗೆ

ದೊಡ್ಡಾಸ್ಪತ್ರೆಯಲ್ಲಿ ಮೂರನೇ ದಿನ. ಹೆದರಿಕೆ ಹೋಗಿಲ್ಲ. ಹೇಳಿದ ಮೇಲೆ ಹೋಗುತ್ತದೆ ಅಂದುಕೊಂಡಿದ್ದೆ. ಟ್ರೇ ಸದ್ದಾದರೆ ಈಗಲೂ ಕಾಲು ತಣ್ಣಗಾಗುತ್ತದೆ.

ಅತ್ತೆ ಬರುವ ಪ್ರತಿಯೊಬ್ಬ ಸಿಸ್ಟರ್‌ಗೂ ಒಪ್ಪಿಸುತ್ತಾರೆ. "ಎರಡ್ನೇದ್ರಲ್ಲಿ ಮಾಸು ನಿಂತಿತ್ತು. ನಾಕು ಬಾಟ್ಲು ರಕ್ತ ಆಕವ್ರೆ. ಬರ್ಕಳಿ ತಾಯಿ." ಬರೆದಾಗಿದೆ ಎಂದರೆ, "ಇನ್ನೊಂದ್ಸಲ ಬರ್ಕಳಿ." ನೆಲ ಒರೆಸುವವರಿಗೂ ಗೊತ್ತು. ಜೊತೆಗೆ ಅವ್ವನಿಗೂ ಬೈಗುಳ. ಕೇಳಿ ಕೇಳಿ ಅಭ್ಯಾಸವಾಗಿದೆ.

ಡಿಸೆಂಬರ್ 5. ಬೆಳಿಗ್ಗೆ 9.40

ಆರು ಗಂಟೆಯಿಂದ ನೋವು. ಈಗ ಹತ್ತು ನಿಮಿಷಕ್ಕೊಂದು.

ಬಸವೇಶ ಕಾಮಗೆರೆಯಿಂದ ಸುದ್ದಿ ತಿಳಿದ ಕೂಡಲೇ ಹೊರಟು ಬಂದ. ಯಾರು ಹೇಳಿದರೋ. ಅತ್ತೆಯ ಮುಖ ನೋಡಲಾರದೆ ಬಾಗಿಲಲ್ಲೇ ನಿಂತ. ಅತ್ತೆ ಅವನಿಗೆ ಇಡ್ಲಿ ಪೊಟ್ಟಣ ಕೊಟ್ಟರು. "ಮೊದ್ಲು ತಿನ್ನು. ಬರೀ ಒಟ್ಟೇಲಿ ರಕ್ತ ತಕಳಕಿಲ್ವಂತೆ."

10.15

ಬಸವೇಶ ರಕ್ತ ಕೊಟ್ಟು ಬಂದ. ಎರಡು ಬಾಟಲಿ ನನ್ನ ಹೆಸರಿಗೆ ಇಟ್ಟಿದ್ದಾರಂತೆ. ಅದನ್ನು ಮೂರು ಸಲ ಹೇಳಿಸಿಕೊಂಡೆ.

10.50

ಎಂಟು ನಿಮಿಷಕ್ಕೊಂದು. ಒಳಗೆ ಜೊತೆಗೆ ಒಬ್ಬರೇ ಎಂದರು. ಸಿಸ್ಟರ್ ಅತ್ತೆಯನ್ನು ಕೇಳಿದರು, "ನೀವು ಏನಾಗ್ಬೇಕು? ತಾಯಿನಾ?"

"ಊಂ. ತಾಯಿ."

ಸಿಸ್ಟರ್ ಬರೆದುಕೊಂಡರು. ನಾನೂ ತಿದ್ದಲಿಲ್ಲ. ನಮ್ಮ ಮನೆಯವರು ಆಸ್ಪತ್ರೆಯಲ್ಲಿ ಸುಳ್ಳು ಹೇಳುವುದನ್ನು ಬಿಡುವುದಿಲ್ಲ.

ಮತ್ತೆ ಬಂತು. ಆರು ನಿಮಿಷಕ್ಕೇ. ಅತ್ತೆ ಕೈ ಚಾಚಿದ್ದಾರೆ, ಪೆನ್ನು ಕೊಡು, ಬರ್ದಿದ್ದು ಸಾಕು ಅಂತ. ಅವರಿಗೂ ಹೆದರಿಕೆ. ನನಗಿಂತ